ಮೋರಿಬಾಯಿಯ ಗಂಗಮ್ಮ

"ಲೇ ಮಾರ, ಕೈಯಾಗೆ ಜೀವ ಇಲ್ವೇನಲೇ ಬೋಳಿಮಗನೆ? ಬೆಳಿಗ್ಗೆಯಿಂದ ಕೆರಕಂಡು ನಿಂತಿದೀಯ! ನಮ್ಮನೆ ಮುಂದೆ ನೀರು ನಿಂತು ಗಬ್ಬು ನಾರ್ತೈತೆ, ಒಳಗೆ ಕುಂತು ಒಂದು ತುತ್ತು ಉಣ್ಣಂಗಿಲ್ಲ!"

ನಾಗರಾಜಪ್ಪ ತನ್ನ ಮನೆಯ ಜಗುಲಿಯ ಮೇಲೆ ನಿಂತು, ಒಂದು ಕೈಯಲ್ಲಿ ಪಂಚೆಯ ಚುಂಗು, ಇನ್ನೊಂದು ಕೈಯಲ್ಲಿ ಮೂಗು ಹಿಡಿದುಕೊಂಡು ಬೈಯುತ್ತಿದ್ದ. ಮೂಗು ಹಿಡಿದು ಬೈದರೆ ಬೈಗುಳದ ರಾಗವೇ ಬೇರೆಯಾಗುತ್ತದೆ. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ನನ್ನ ಗಂಡ ಮಾರಣ್ಣ ತೊಡೆಮಟ್ಟ ಚರಂಡಿಗಿಳಿದು, ಮೋರಿಯ ಬಾಯಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲ, ತೆಂಗಿನ ಮಟ್ಟೆ, ಹರಿದ ಚಪ್ಪಲಿ ಎಲ್ಲವನ್ನೂ ಎಳೆದೆಳೆದು ದಡಕ್ಕೆ ಹಾಕುತ್ತಿದ್ದ. ನಾನು ಅವನಿಗೆ ಅಂಬಲಿ ತಂದು ರಸ್ತೆಯ ಮೇಲೆ ಕಾಯುತ್ತಿದ್ದೆ.

"ಆತು ಅಧ್ಯಕ್ಷ್ರೇ, ಇನ್ನೊಂದು ಚೂರು, ಇದೊಂದು ಬಂದ್ರೆ ಮುಗೀತು," ಅಂದ ಮಾರಣ್ಣ. ಅವನು ಎಳೆದದ್ದು ಒಂದು ಹಳೆಯ ದಿಂಬು. ಅದು ಬಂದದ್ದೇ ತಡ, ನೀರು ಗುಳುಗುಳು ಅಂತ ಪೈಪಿನೊಳಗೆ ನುಗ್ಗಿತು. ನಾಗರಾಜಪ್ಪನ ಮನೆ ಮುಂದಿನ ಕೊಚ್ಚೆ ನೋಡನೋಡುತ್ತ ಇಳಿಯಿತು. ಅವನು ಮೂಗು ಬಿಟ್ಟು, "ಹೂಂ, ಈಗ ಆತು ನೋಡು," ಅಂತ ಊಟಕ್ಕೆ ಒಳಗೆ ಹೋದ.

ಆ ನೀರು ರಸ್ತೆಯ ಕೆಳಗೆ ಹಾದು ಎಲ್ಲಿಗೆ ಹೋಯಿತು ಅಂತ ಕೇಳುತ್ತೀರಾ? ನನ್ನ ಮನೆಯ ಹಿತ್ತಲ ಗುಂಡಿಗೆ. ಗಂಡ ಮೇಲೆ ಬಿಡಿಸಿದ್ದನ್ನು ಹೆಂಡತಿ ಕೆಳಗೆ ಬಳಿಯಬೇಕು. ನಮ್ಮ ಸಂಸಾರ ಹೀಗೆ ಬಹಳ ಹೊಂದಾಣಿಕೆಯಿಂದ ನಡೆಯುತ್ತಿತ್ತು.

ನಮ್ಮ ಕಂಚೋಬನಹಳ್ಳಿ ಇರುವುದು ಐಮಂಗಲದ ಹತ್ತಿರ, ಹೈವೇ ಬಿಟ್ಟು ಒಳಕ್ಕೆ. ದಿಣ್ಣೆಯ ಮೇಲೆ ಊರು, ನಡುವೆ ಟಾರು ರಸ್ತೆ, ರಸ್ತೆಯ ಈಚೆ ತಗ್ಗಿನಲ್ಲಿ ನಮ್ಮ ಕಾಲೋನಿ. ಊರು ಕಟ್ಟಿದವರು ಏನೇನು ನೋಡಿ ಕಟ್ಟಿದರೋ, ನಮ್ಮ ಕಡೆಯ ಗಾಳಿ ಕೂಡ ಅವರ ಕಡೆ ಬೀಸುವುದಿಲ್ಲ. ಮೊದಲು ಇಷ್ಟು ತೊಂದರೆ ಇರಲಿಲ್ಲ. ಒಬ್ಬೊಬ್ಬರ ಮನೆಯ ಬಚ್ಚಲ ನೀರು ಅವರವರ ಹಿತ್ತಲ ಬಾಳೆಗಿಡಕ್ಕೆ ಹೋಗುತ್ತಿತ್ತು. ಆಮೇಲೆ ಮನೆಮನೆಗೆ ನಲ್ಲಿ ಬಂತು, ಸಂಡಾಸು ಬಂತು. ಸಂಡಾಸಿಗೆ ಗುಂಡಿ ತೋಡಿಸಲು ಯಾರಿಗೂ ಪುರಸೊತ್ತಿರಲಿಲ್ಲ, ಪೈಪು ತಿರುಗಿಸಿ ಚರಂಡಿಗೆ ಬಿಟ್ಟರು. ಚರಂಡಿಯನ್ನು ಮೋರಿಗೆ ಬಿಟ್ಟರು. ಮೋರಿ ನಮಗೆ ಬಿಟ್ಟಿತು.

ಹೀಗಾಗಿ ಊರಿನ ಗುಟ್ಟು ನಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಯಾರ ಮನೆಯಲ್ಲಿ ಹಬ್ಬ, ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಹೊಟ್ಟೆ ಕೆಟ್ಟಿದೆ, ಎಲ್ಲ ಹರಿದು ಬಂದು ಹೇಳುತ್ತದೆ. ಶ್ರಾವಣ ಪೂರ್ತಿ ಒಪ್ಪತ್ತು ಅಂತ ವಿಭೂತಿ ಬಳಿದುಕೊಂಡು ತಿರುಗುವ ನಾಗರಾಜಪ್ಪನ ಮನೆಯ ಕಡೆಯಿಂದ ಕಳೆದ ಶ್ರಾವಣದಲ್ಲಿ ಕೋಳಿಪುಕ್ಕ ತೇಲಿ ಬಂದಿದ್ದವು. ನಮ್ಮತ್ತೆ ಗಿರಿಯಮ್ಮ ಕಡ್ಡಿಯಲ್ಲಿ ಎತ್ತಿ ನೋಡಿ, "ನಾಟಿ ಕೋಳಿ ಕಣೇ ಹೊನ್ನಿ. ಫಾರಂದಲ್ಲ. ವ್ರತ ಚೆನ್ನಾಗೇ ಮಾಡ್ಯವ್ನೆ," ಅಂದಿದ್ದಳು.

ನಗುವುದು ಹಾಗಿರಲಿ. ನನ್ನ ಹಿತ್ತಲ ಗೋಡೆ ಮಣ್ಣಿನದು. ನೀರು ಕುಡಿದು ಕುಡಿದು ಅದರ ಬುಡ ಮೆತ್ತಗಾಗಿತ್ತು. ಬೆರಳಿಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ನಮ್ಮತ್ತೆ ಮಲಗುವುದು ಆ ಗೋಡೆಯ ಪಕ್ಕದಲ್ಲೇ, ಬೇರೆ ಜಾಗ ಇಲ್ಲ. ಅವಳು ರಾತ್ರಿ ಕೆಮ್ಮಿದರೂ ನನಗೆ ಗೋಡೆಯೇ ಕುಸಿಯಿತೇನೋ ಅಂತ ಭಯ.

ಹಿಂದಿನ ವರ್ಷ ಒಬ್ಬ ಇಂಜಿನಿಯರ್ ಬಂದಿದ್ದ. ಹುಡುಗ, ಒಳ್ಳೆಯ ಮಾತಿನವನು. ನಮ್ಮ ಕಾಲೋನಿಯ ಆಚೆ ಖರಾಬು ಜಾಗದಲ್ಲಿ ಸುಣ್ಣದ ಗೆರೆ ಹಾಕಿಸಿದ. "ಇಲ್ಲಿ ಘಟಕ ಆಗುತ್ತದಮ್ಮ. ಊರಿನ ನೀರೆಲ್ಲ ಪೈಪಲ್ಲಿ ಇಲ್ಲಿಗೆ ಬರುತ್ತೆ. ಒಂದು ತೊಟ್ಟಿಯಲ್ಲಿ ಕಸ ತಳಕ್ಕೆ ಕೂರುತ್ತೆ, ಇನ್ನೊಂದರಲ್ಲಿ ಜಲ್ಲಿಕಲ್ಲು, ಅದರ ಮೇಲೆ ಕಾಬಾಳೆ ಗಿಡ. ಗಿಡದ ಬೇರು ನೀರನ್ನ ತೊಳೆಯುತ್ತೆ. ಆಚೆ ಬರುವ ನೀರಲ್ಲಿ ನೀವು ಸೊಪ್ಪು ಬೆಳೆಯಬಹುದು," ಅಂದ. ನನಗೆ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತ್ತು. ಮಳೆ ಬಂದು ಸುಣ್ಣದ ಗೆರೆ ಹೋಯಿತು. ಆ ಹುಡುಗನಿಗೂ ಎಲ್ಲಿಗೋ ವರ್ಗವಾಯಿತು.

ದಿಂಬು ತೆಗೆದ ಮಾರನೆಯ ದಿನ ನಾನು ಪಕ್ಕದ ಮನೆಯ ಚಂದ್ರಕ್ಕನನ್ನು ಎಳೆದುಕೊಂಡು ಪಂಚಾಯ್ತಿ ಆಫೀಸಿಗೆ ಹೋದೆ.

ಅಧ್ಯಕ್ಷರ ಕುರ್ಚಿಯಲ್ಲಿ ಶಿವಗಂಗಮ್ಮ ಕೂತಿದ್ದಳು. ನಿಜವಾದ ಅಧ್ಯಕ್ಷೆ ಅವಳೇ. ಸೀಟು ಹೆಂಗಸರಿಗೆ ಬಂದದ್ದರಿಂದ ನಾಗರಾಜಪ್ಪ ಹೆಂಡತಿಯನ್ನು ನಿಲ್ಲಿಸಿ ಗೆಲ್ಲಿಸಿದ್ದ. ಅವಳು ಅವನು ತೋರಿಸಿದ ಕಡೆ ಸಹಿ ಹಾಕಿ, ಮಿಕ್ಕ ಹೊತ್ತು ಸೊಪ್ಪು ಸೋಸುತ್ತಿದ್ದಳು. ಪಕ್ಕದ ದೊಡ್ಡ ಕುರ್ಚಿಯಲ್ಲಿ ನಾಗರಾಜಪ್ಪ ಕಾಲ ಮೇಲೆ ಕಾಲು ಹಾಕಿದ್ದ. ಊರೆಲ್ಲ ಅಧ್ಯಕ್ಷ್ರೇ ಅನ್ನುವುದು ಅವನಿಗೇ.

"ಏನೇ ಹೊನ್ನಿ, ಬಾಗಿಲಿಗೆ ಒರಗಬ್ಯಾಡ. ಅಲ್ಲೇ ನಿಂತು ಹೇಳು."

"ಘಟಕ ಅಂದಿದ್ರಲ್ಲ ಅಧ್ಯಕ್ಷ್ರೇ, ಸುಣ್ಣ ಹಾಕಿ ವರ್ಷ ಆತು. ನಮ್ಮ ಗೋಡೆ ನೆಂದು ಈಗ್ಲೋ ಆಗ್ಲೋ ಅನ್ನಂಗೈತೆ. ನಮ್ಮತ್ತೆ ಅದರ ಮಗ್ಗಲಾಗೇ ಮಲಗ್ತಾಳೆ."

"ನಿಮ್ಮತ್ತೆಗೆ ಮಗ್ಗಲು ಬದಲಾಯಿಸಾಕೆ ಹೇಳು," ಅಂದ ನಾಗರಾಜಪ್ಪ. ಅಲ್ಲಿದ್ದವರೆಲ್ಲ ನಕ್ಕರು. ಶಿವಗಂಗಮ್ಮ ಮಾತ್ರ ನಗಲಿಲ್ಲ, ಸೊಪ್ಪಿನೊಳಗೆ ಹುಳ ಹುಡುಕುತ್ತಿದ್ದಳು.

ಪಿಡಿಒ ಸಾಹೇಬರು ಕಂಪ್ಯೂಟರಿನಿಂದ ಮುಖ ಎತ್ತಿದರು. ಕೆಟ್ಟವರಲ್ಲ, ಆದರೆ ಒಳ್ಳೆಯತನ ಖರ್ಚಾಗಿ ಹೋಗುತ್ತದೆ ಅಂತ ಜೋಪಾನ ಮಾಡಿಟ್ಟುಕೊಂಡವರು. "ನೋಡಮ್ಮ, ಪಟ್ಣಕ್ಕಾದ್ರೆ ಕೋಟಿಗಟ್ಲೆ ಬರ್ತೈತೆ. ನಮ್ಮಂಥ ಸಣ್ಣೂರಿಗೆ ಬರೋದು ಒಂದು ಬೊಗಸೆ. ಅದ್ರಾಗೆ ಎಲ್ಲಾನೂ ಮಾಡಾಕಾಗಲ್ಲ. ಘಟಕದ ಗ್ರಾಂಟು ಈ ಸಾರಿ ಮೇಲ್ಬೀದಿಗೆ ಹಾಕೀವಿ. ಚರಂಡಿ ಮೇಲೆ ಚಪ್ಪಡಿಕಲ್ಲು ಮುಚ್ಚಬೇಕು. ವಾಸ್ನೆ ಬರ್ತೈತೆ ಅಂತ ಜನ ಕೇಳ್ತಾ ಅವ್ರೆ."

"ನಮ್ಗೂ ವಾಸ್ನೆ ಬರ್ತೈತಲ್ಲ ಸಾರ್."

"ನಿಮ್ಗೆ ರೂಢಿ ಐತಲ್ಲೇ," ಅಂದ ನಾಗರಾಜಪ್ಪ, ತೀರಾ ಅಕ್ಕರೆಯಿಂದ. "ನಿಮ್ಮ ತಾತ ಮುತ್ತಾತ್ರು ಚರ್ಮ ಹದ ಮಾಡ್ದೋರು. ಅದ್ರ ಮುಂದೆ ಇದ್ಯಾವ ವಾಸ್ನೆ? ನೀರು ಅಂದ್ಮೇಲೆ ತಗ್ಗಿಗೇ ಹರೀತೈತೆ. ದಿಣ್ಣೆ ಹತ್ತು ಅಂತ ನಾನು ಅದಕ್ಕೆ ಆರ್ಡರ್ ಮಾಡ್ಲಾ?"

ನನ್ನ ನಾಲಿಗೆ ತುರಿಸಿತು. ಅವನು ಅದನ್ನು ಕಂಡು ಹಿಡಿದ. "ನೋಡೇ, ಮಾರನ್ನ ಕಾಯಂ ಮಾಡಾಣ ಅಂತ ಮೇಲಕ್ಕೆ ಬರೆದೀವಿ. ಇಷ್ಟು ವರ್ಷ ದಿನಗೂಲಿ ಮಾಡ್ದ, ಪಾಪ. ನಿನ್ನ ನಾಲಿಗೆ ಉದ್ದ ಆದ್ರೆ ಅವನ ಕೆಲಸ ಗಿಡ್ಡ ಆಗ್ತೈತೆ. ಹೋಗು, ಹೋಗಿ ಅವನಿಗೆ ರೊಟ್ಟಿ ಬಡಿ."

ಚಂದ್ರಕ್ಕ ನನ್ನ ಸೆರಗು ಹಿಡಿದೆಳೆದಳು. ಮೆಟ್ಟಿಲಿಳಿಯುವಾಗ ಅವಳು ಅಂದಳು, "ಬಾರೇ, ಹೋಗಾಣ. ಅವನ ಬಾಯೇ ಒಂದು ಮೋರಿ. ಅದನ್ನ ಬಿಡಿಸಾಕೆ ನಿನ್ನ ಗಂಡನ ಕೈಲೂ ಆಗಲ್ಲ." ನಾನು ನಕ್ಕೆ. ಮನೆ ಸೇರಿದ ಮೇಲೆ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಆ ವಾರದಲ್ಲೇ ಚಂದ್ರಕ್ಕನ ಮಗಳ ಮದುವೆ ಬಂತು. ಕಾಲೋನಿಯಲ್ಲಿ ದೊಡ್ಡ ಒರಳು ಇರುವುದು ನನ್ನ ಮನೆಯಲ್ಲಿ. ಮಿಕ್ಸಿ ಬಂದ ಮೇಲೂ ಮದುವೆಯ ಅರಿಶಿನವನ್ನು ಒರಳಲ್ಲೇ ಅರೆಯಬೇಕು, ಅದು ನಮ್ಮಲ್ಲಿನ ಪದ್ಧತಿ. ಹೆಂಗಸರೆಲ್ಲ ಸೇರಿ ಹಾಡುತ್ತ ಹಸಿ ಅರಿಶಿನದ ಕೊಂಬು ಅರೆದರು. ನನ್ನ ರುಬ್ಬುವ ಗುಂಡುಕಲ್ಲು ತಲೆಯಿಂದ ಬುಡದ ತನಕ ಹಳದಿಯಾಯಿತು. ಅರೆದವರ ಕೈಯಲ್ಲಿದ್ದ ಕುಂಕುಮವೂ ಅದಕ್ಕೆ ಮೆತ್ತಿತು. ನಾನು ತೊಳೆದಿಟ್ಟರೂ ಬಣ್ಣ ಹೋಗಲಿಲ್ಲ.

ಮದುವೆ ಮುಗಿದ ಮಾರನೆಯ ದಿನ ಸಂಜೆ ಗೋಡೆ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಸುಸ್ತಾದವರು ಕೂರುವ ಹಾಗೆ ಕುಸಿದು ಕೂತಿತು. ನಮ್ಮತ್ತೆಯ ಹಾಸಿಗೆ ಅದರ ಕೆಳಗಿತ್ತು. ಅತ್ತೆ ಇರಲಿಲ್ಲ. ಎಲೆಗೆ ಸುಣ್ಣ ಸಾಲದೆ ಚಂದ್ರಕ್ಕನ ಮನೆಗೆ ಹೋಗಿದ್ದಳು. ಸುದ್ದಿ ತಿಳಿದು ಓಡಿ ಬಂದವಳು ಮಣ್ಣಿನ ಗುಡ್ಡೆ ನೋಡಿ, "ಅಯ್ಯೋ ನನ್ನ ಕೌದಿ!" ಅಂತ ಬಾಯಿ ಬಡಿದುಕೊಂಡಳು.

"ಜೀವ ಉಳೀತಲ್ಲ ಅತ್ತೆ."

"ಜೀವ ಏನು, ಇವತ್ತಲ್ಲ ನಾಳೆ ಹೋಗೋದೇ. ಕೌದಿ ನಮ್ಮವ್ವ ಹೊಲಿದಿದ್ದು ಕಣೇ!"

ಅವಳು ಹಾಗಂದಳು, ಆದರೆ ಹಿಡಿದ ನನ್ನ ಸೆರಗು ಬಿಡಲಿಲ್ಲ. ಅವಳನ್ನು ಚಂದ್ರಕ್ಕನ ಮನೆಯಲ್ಲಿ ಮಲಗಿಸಿ ಬಂದೆ. ಬೆಳಗಾಗುವ ಹೊತ್ತಿಗೆ ಹಿತ್ತಲ ಗುಂಡಿಯ ನೀರು ಬಿದ್ದ ಗೋಡೆಯ ಮೇಲಿಂದ ಹಾದು ಅಡುಗೆಮನೆಗೆ ಬಂದು ಒಲೆಯೊಳಗೆ ನಿಂತಿತ್ತು. ನಾಗರಾಜಪ್ಪನ ಮನೆಯ ಶ್ಯಾಂಪೂ ನೊರೆ ನನ್ನ ಒಲೆಯ ಬಾಯಲ್ಲಿ ಗುಳ್ಳೆ ಬಿಡುತ್ತಿತ್ತು. ಮಾರಣ್ಣ ಇನ್ನೂ ಮಲಗಿದ್ದ.

ನನಗೆ ಆಗ ಬಂದ ಸಿಟ್ಟನ್ನು ಹೇಗೆ ಹೇಳಲಿ. ಮೈಯೆಲ್ಲ ಕಾದ ಹಂಚಾಗಿತ್ತು. ಒರಳಿನಿಂದ ಗುಂಡುಕಲ್ಲು ಎತ್ತಿ ಕಂಕುಳಿಗೆ ಸೇರಿಸಿದೆ. ಮಣ್ಣಿನಿಂದ ಅತ್ತೆಯ ಕೌದಿ ಕಿತ್ತೆಳೆದು ಹೆಗಲಿಗೆ ಹಾಕಿದೆ. ರಸ್ತೆ ದಾಟಿ, ಬೇವಿನ ಮರದ ಬುಡದ ಹೊಂಡಕ್ಕೆ, ಅಂದರೆ ಊರ ಚರಂಡಿಯೆಲ್ಲ ಬಂದು ಪೈಪಿಗೆ ಬೀಳುವ ಜಾಗಕ್ಕೆ, ಇಳಿದೆ. ಪೈಪಿನ ಬಾಯಿಗೆ ಕೌದಿ ತುರುಕಿದೆ. ಅದು ಅಲುಗದ ಹಾಗೆ ಅದರ ಮುಂದೆ ಗುಂಡುಕಲ್ಲು ನೆಟ್ಟಗೆ ನಿಲ್ಲಿಸಿ, ಸುತ್ತ ಕೆಸರು ಮೆತ್ತಿ ತುಳಿದೆ. ನೀರು ನಿಂತಿತು. ಸೀರೆ ಹಿಂಡಿಕೊಂಡು ಮನೆಗೆ ಬಂದೆ. ದೇವರಾಣೆಗೂ ನನ್ನ ತಲೆಯಲ್ಲಿದ್ದದ್ದು ಅಷ್ಟೇ, ನಿಲ್ಲಲಿ ಅಂತ.

ಮಿಕ್ಕದ್ದನ್ನು ಮಾಡಿದವರು ಅವರು.

ಹೊತ್ತೇರುವಷ್ಟರಲ್ಲಿ ಮೇಲ್ಬೀದಿಯಲ್ಲಿ ನೀರು ನಿಂತಿತು. ಯಾಕೆ ಅಂತ ನೋಡಲು ಮೊದಲು ಬಂದವಳು ಶಿವಗಂಗಮ್ಮ. ಹೊಂಡ ತುಂಬಿತ್ತು. ನೀರಿನ ನಡುವೆ ಕುತ್ತಿಗೆ ತನಕ ಮುಳುಗಿ, ತಲೆ ಮಾತ್ರ ಮೇಲೆತ್ತಿಕೊಂಡು, ಹಳದಿ ಹಳದಿಯಾಗಿ, ಅಲ್ಲಲ್ಲಿ ಕುಂಕುಮದ ಕೆಂಪಿನೊಂದಿಗೆ ನನ್ನ ಗುಂಡುಕಲ್ಲು ನಿಂತಿತ್ತು. ಬೇವಿನ ಎಲೆ ಅದರ ಮೇಲೆ ಉದುರಿತ್ತು. ಶಿವಗಂಗಮ್ಮ ಕೊಚ್ಚೆಯಲ್ಲೇ ಮಂಡಿಯೂರಿ ಕೈ ಮುಗಿದಳು. ಆಮೇಲೆ ಕೂಗಿದಳು. ಪಂಚಾಯ್ತಿಯಲ್ಲಿ ಒಂದು ದಿನವೂ ದನಿ ಎತ್ತದ ಹೆಂಗಸು ಕೂಗಿದ ಕೂಗಿಗೆ ಊರಿಗೆ ಊರೇ ಓಡಿ ಬಂತು.

ರಂಗಪ್ಪನ ಗುಡಿಯ ಪೂಜಾರಿ ಅಜ್ಜಪ್ಪ ಬಂದು, ಕಣ್ಣು ಕಿರಿದು ಮಾಡಿ ನೋಡಿ, ಹಿಂದೆ ಮುಂದೆ ತೂಗಿ, "ಉದ್ಭವ! ಗಂಗಮ್ಮ ಉದ್ಭವ ಆಗ್ಯವ್ಳೆ!" ಅಂದ.

ಅಷ್ಟರಲ್ಲಿ ಚರಂಡಿ ಬಿಡಿಸಲು ಮಾರಣ್ಣನನ್ನೂ ಕರೆಸಿದ್ದರು. ಅವನು ನೀರಿಗೆ ಕಾಲಿಡಬೇಕು, ಅಜ್ಜಪ್ಪ ಅರಚಿದ, "ಲೇ ಲೇ ಲೇ, ಹತ್ರ ಹೋಗಬ್ಯಾಡಲೇ ಸೂಳೇಮಗನೆ! ಅಮ್ಮನ್ನ ಮುಟ್ಟಿಗಿಟ್ಟೀಯ! ದೂರ ನಿಲ್ಲು!"

ಮಾರಣ್ಣ ದೂರ ನಿಂತ. ಗಂಗಮ್ಮನನ್ನು ನೋಡಿದ. ದಿನಾ ಅದರಲ್ಲಿ ಅರೆದ ಖಾರ ತಿನ್ನುವವನಿಗೆ ಗುರುತು ಸಿಗದೆ ಇರುತ್ತದೆಯೇ? ದಡದಡ ಮನೆಗೆ ಬಂದು, ಖಾಲಿ ಒರಳು ನೋಡಿ, ನನ್ನನ್ನು ನೋಡಿದ.

"ಲೇ ಹೊನ್ನಿ, ಗುಂಡು ಎಲ್ಲೇ?"

"ಪೂಜೆ ತಗಳ್ತಾ ಐತೆ."

"ಅಯ್ಯೋ ನಿನ್ನ ಮನೆ ಕಾಯ್ವಾಗ! ನಾಗರಾಜಪ್ಪ ಮಂಗಳಾರತಿ ತಗಂಡ ಕಣೇ! ಕಾಯಿ ಒಡೆದ್ರು!"

"ಒಡೀಲಿ ಬಿಡಯ್ಯ. ಚೂರು ಸಿಕ್ಕಿದ್ರೆ ತಂದು ಕೊಡು, ಚಟ್ನಿ ಮಾಡ್ತೀನಿ."

"ಚಟ್ನಿ ಯಾತ್ರಾಗೆ ಮಾಡ್ತೀಯ?" ಅಂದ. ಇಬ್ಬರೂ ನಕ್ಕು ನಕ್ಕು ನೆಲಕ್ಕೆ ಕೂತೆವು. ಎಷ್ಟೋ ವರ್ಷದಿಂದ ನನ್ನ ಗಂಡ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಕ್ಕು ಮುಗಿದ ಮೇಲೆ ಅವನ ಮುಖ ಸಣ್ಣಗಾಯಿತು. "ಗೊತ್ತಾದ್ರೆ ಕೊಲ್ತಾರೆ ಕಣೇ. ಕಾಯಂ ಕತೆ ಮುಗೀತು," ಅಂದ.

ಗೊತ್ತಾಗಲಿಲ್ಲ. ನಮ್ಮ ಕಾಲೋನಿಗೆಲ್ಲ ಗೊತ್ತಾಯಿತು, ಮೇಲಿನ ಊರಿಗೆ ಗೊತ್ತಾಗಲಿಲ್ಲ. ನಮ್ಮವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಸಂಜೆ ರಸ್ತೆಯ ಈಚೆ ಬದಿಯಲ್ಲಿ ಸಾಲಾಗಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಆಚೆ ಬದಿಯ ಪೂಜೆ ನೋಡುವುದೇ ನಮಗೆ ಕೆಲಸವಾಯಿತು. ಅಜ್ಜಪ್ಪ ಹೊಂಡಕ್ಕೆ ಅಡ್ಡ ಹಾಕಿದ ಹಲಗೆಯ ಮೇಲೆ ಕೂತು ಚೊಂಬಿನಿಂದ ಅಮ್ಮನ ತಲೆಯ ಮೇಲೆ ನೀರು ಹುಯ್ಯುತ್ತಿದ್ದ. ಕೆಳಗೆ ಬೀಳುವಾಗ ಬಟ್ಟಲಲ್ಲಿ ಹಿಡಿದು ತೀರ್ಥ ಅಂತ ಕೊಡುತ್ತಿದ್ದ. ಹುಯ್ದ ನೀರು ಯಾವುದು, ನಿಂತ ನೀರು ಯಾವುದು ಅಂತ ಬೇರೆ ಮಾಡಲು ಅಲ್ಲಿ ಯಾವ ಘಟಕವೂ ಇರಲಿಲ್ಲ. ಜನ ಕಣ್ಣು ಮುಚ್ಚಿ ಕುಡಿಯುತ್ತಿದ್ದರು.

"ನಾವು ಇಷ್ಟು ವರ್ಷ ತುಳಿದ್ವಿ, ಅವ್ರು ಕುಡೀತಾ ಅವ್ರೆ. ಪುಣ್ಯವಂತ್ರು," ಅಂದಳು ನಮ್ಮತ್ತೆ.

ಇತ್ತ ನಮ್ಮ ಗುಂಡಿ ಒಣಗುತ್ತ ಬಂತು. ಬೆಳಿಗ್ಗೆ ಎದ್ದರೆ ಮಣ್ಣಿನ ವಾಸನೆ ಬರುತ್ತಿತ್ತು. ನಿಜವಾದ ಮಣ್ಣಿನ ವಾಸನೆ. ಮಾರಣ್ಣ ಹೈವೇ ಪಕ್ಕದಲ್ಲಿ ಸಿಕ್ಕ ಕಲ್ಲು ತಂದು ಗೋಡೆ ಕಟ್ಟಲು ಶುರು ಮಾಡಿದ. ಅತ್ತೆ ಗುಂಡಿಯ ದಡದಲ್ಲಿ ಕುಂಬಳದ ಬೀಜ ಹಾಕಿದಳು. ಇಷ್ಟೇ ಬೇಕಾಗಿದ್ದದ್ದು ನಮಗೆ, ಬೇರೆಯವರ ಹೇಲು ನಮ್ಮ ಒಲೆಗೆ ಬರದ ಹಾಗೆ ಬದುಕುವುದು. ಅದು ಇಷ್ಟು ಹಗುರಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮೇಲ್ಬೀದಿಯಲ್ಲಿ ನೀರು ದಿನಾ ಒಂದೊಂದು ಮೆಟ್ಟಿಲು ಹತ್ತಿತು. ಮೊದಮೊದಲು ಅಮ್ಮನ ಮಹಿಮೆ ಅಂದರು. ಸೊಳ್ಳೆ ಕಚ್ಚಿದರೂ ಅಮ್ಮನ ಮಹಿಮೆ. ಆಮೇಲೆ ನಾಗರಾಜಪ್ಪನ ಜಗುಲಿಯ ಅಂಚಿಗೆ ನೀರು ಬಂದಾಗ ಅವನು ಊರವರನ್ನು ಕೂಡಿಸಿದ. ಮೈಕಿನಲ್ಲಿ ಮಾತಾಡಿದ್ದರಿಂದ ನಮಗೂ ಕೇಳಿಸಿತು.

"ಅಮ್ಮ ನಮ್ಮೂರಿಗೆ ಬಂದವ್ಳೆ, ಅವಳನ್ನ ಕದಲಿಸಂಗಿಲ್ಲ. ಊರೋರೆಲ್ಲ ಕೈ ಹಾಕಿ ಗುಡಿ ಕಟ್ಟಾಣ. ಆ ಘಟಕದ ದುಡ್ಡೈತಲ್ಲ, ಅದ್ರಾಗೆ ಅಮ್ಮನ ಪಕ್ಕದಾಗೆ ರಸ್ತೆ ಅಗೆದು ಹೊಸ ಪೈಪು ಹಾಕ್ಸಾಣ. ಮೊದ್ಲಿನದಕ್ಕಿಂತ ದೊಡ್ಡದು. ಇನ್ಯಾವತ್ತೂ ನೀರು ನಿಲ್ಲಬಾರದು, ನೇರ ಆ ಕಡೀಗೆ ಹೋಗಬೇಕು!"

ಚಪ್ಪಾಳೆ ಬಿತ್ತು. ಆ ಕಡೀಗೆ ಅಂದರೆ ನಾವು. ಘಟಕದ ದುಡ್ಡು ಮೊದಲು ಚಪ್ಪಡಿಯಾಗಿತ್ತು, ಈಗ ಪೈಪಾಯಿತು. ಹರಿಯುವುದರಲ್ಲಿ ದುಡ್ಡು ನೀರಿಗಿಂತ ಚುರುಕು, ಆದರೆ ತಗ್ಗಿಗೆ ಮಾತ್ರ ಹರಿಯುವುದಿಲ್ಲ. ಅತ್ತೆಯ ಕುಂಬಳ ಆಗಷ್ಟೇ ಎರಡೆಲೆ ಬಿಟ್ಟಿತ್ತು. ಕಾಲೋನಿಯವರೆಲ್ಲ ನನ್ನ ಮುಖ ನೋಡಿದರು. ನಾನು ಅಂದು ಊಟ ಮಾಡಲಿಲ್ಲ.

ಗುದ್ದಲಿ ಪೂಜೆಯ ದಿನ ಪಂಪು ಹಚ್ಚಿ ಬೀದಿಯ ನೀರನ್ನು ಟ್ಯಾಂಕರಿಗೆ ಎಳೆಸಿ, ಹೊಂಡದ ಪಕ್ಕ ಶಾಮಿಯಾನ ಹಾಕಿದರು. ನೆಲಕ್ಕೆ ಕೆಂಪು ಜಮಖಾನೆ, ಅದರ ಮೇಲೆ ಕುರ್ಚಿ. ಹಿರಿಯೂರಿನಿಂದ ಹೊಸ ಇಂಜಿನಿಯರ್ ಸಾಹೇಬರು ಬಂದು ಕೂತರು. ಬಿಳಿ ಬೂಟು ಹಾಕಿದ್ದರು. ಪಿಡಿಒ ಇದ್ದರು. ಶಿವಗಂಗಮ್ಮ ರೇಷ್ಮೆ ಸೀರೆಯಲ್ಲಿದ್ದಳು. ಊರಿನ ಹೆಂಗಸರು ಕಳಸ ಹಿಡಿದಿದ್ದರು. ರಸ್ತೆ ಅಗೆಯಲು ಮಾರಣ್ಣನನ್ನು ಬರಹೇಳಿ, ಶಾಮಿಯಾನದ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ್ದರು. ಅಜ್ಜಪ್ಪ ಎಲ್ಲರಿಗೂ ತೀರ್ಥ ಕೊಟ್ಟ. ಇಂಜಿನಿಯರ್ ಸಾಹೇಬರು ಕುಡಿದ ಹಾಗೆ ಮಾಡಿ ತಲೆಗೆ ಸವರಿಕೊಂಡರು. ಓದಿದವರು ಯಾವತ್ತೂ ಜಾಣರು.

ನಾನು ರಸ್ತೆ ದಾಟಿದೆ.

"ಏಯ್, ಎಲ್ಲಿಗೆ ಬರ್ತೀಯೇ? ಆ ಕಡೆ ನಡಿ, ಆ ಕಡೆ! ಪೂಜೆ ನಡೀತಾ ಐತೆ ಕಾಣಲ್ವಾ?" ಅಂದ ಅಜ್ಜಪ್ಪ.

"ಪೂಜೆ ಮಾಡ್ಕಳ್ರಿ ಅಜ್ಜಪ್ನೋರೇ. ನಾನು ನನ್ನ ಗುಂಡುಕಲ್ಲು ತಗಂಡೋಗಾಕೆ ಬಂದೀನಿ."

"ಯಾವ ಗುಂಡುಕಲ್ಲೇ?"

"ಇದೇ. ನೀವು ಕೈ ಮುಗೀತಾ ಇರೋದು."

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ನಾನು ಸೀರೆ ಮೇಲೆ ಕಟ್ಟಿ ಹೊಂಡಕ್ಕೆ ಇಳಿದಾಗಿತ್ತು. ಗಂಗಮ್ಮನ ಕತ್ತಿನ ಹೂವಿನ ಹಾರ ತೆಗೆದು ಅಜ್ಜಪ್ಪನ ಕೈಗೆ ಕೊಟ್ಟೆ. ಅವನು ಗಾಬರಿಯಲ್ಲಿ ತೆಗೆದುಕೊಂಡ. ಕಲ್ಲನ್ನು ಅಲ್ಲಾಡಿಸಿ ಕಿತ್ತೆ, ದಡದ ಮೇಲೆ ಅಡ್ಡ ಮಲಗಿಸಿದೆ, ಬುಡ ಅವರ ಕಡೆ ತಿರುಗಿಸಿದೆ. ಬುಡದ ಸಂದಿಯಲ್ಲಿ ಮೆಣಸಿನ ಬೀಜ ಇನ್ನೂ ಅಂಟಿಕೊಂಡಿತ್ತು.

"ಚಂದ್ರಕ್ಕನ ಮಗಳ ಮದ್ವೆ ಅರಿಶಿಣ ಅರೆದಿದ್ದು, ಅದಕ್ಕೇ ಹಳದಿ ಐತೆ. ನಮ್ಮನೆ ಗೋಡೆ ಬಿದ್ದಾಗ ಸಿಟ್ಟು ಬಂದು ನಾನೇ ತಂದು ಇಲ್ಲಿ ನೆಟ್ಟೆ. ಮದ್ವೆ ಊಟದ ಮಸಾಲೇನೂ ಇದ್ರಾಗೇ ಅರೆದಿದ್ದು. ಯಾವ ಮಾಂಸಕ್ಕೆ ಅಂತ ಮಾತ್ರ ಕೇಳಬ್ಯಾಡ್ರಿ, ತೀರ್ಥ ಕುಡಿದೀರಿ."

ಕಳಸ ಹಿಡಿದ ಹೆಂಗಸೊಬ್ಬಳು ಥೂ ಅಂದಳು. ಇನ್ನೊಬ್ಬಳು ಬಾಯೊಳಗೆ ಬೆರಳು ಹಾಕಿಕೊಂಡು ಮರದ ಹಿಂದಕ್ಕೆ ಓಡಿದಳು. ಅಜ್ಜಪ್ಪ ಬಟ್ಟಲನ್ನು ಕೈಬಿಟ್ಟ. ರಸ್ತೆಯ ಆಚೆ ನಿಂತ ನಮ್ಮವರು ಹೋ ಅಂತ ನಕ್ಕರು, ಆಮೇಲೆ ತಕ್ಷಣ ಚಂದ್ರಕ್ಕ ಕೂಗಿದಳು, "ಲೇ ಹೊನ್ನಿ, ನೀರು ನಮ್ಮ ಕಡೀಗೇ ಬರ್ತೈತಲ್ಲೇ! ನಿಮ್ಮತ್ತೆ ಕುಂಬಳದ ಕಡೆ ಹೊಂಟೈತೆ!"

ಹೌದು, ಕಲ್ಲು ಕಿತ್ತ ಮೇಲೆ ಕೌದಿ ಸಡಿಲವಾಗಿ ನೀರು ಪೈಪಿಗೆ ನುಗ್ಗುತ್ತಿತ್ತು. ನಾಗರಾಜಪ್ಪನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಆದರೂ ನೀರು ಇಳಿಯುವುದನ್ನು ಕಂಡು ಅವನಿಗೆ ಜೀವ ಬಂತು. "ಹೋಗ್ಲಿ, ಹೋಗ್ಲಿ! ನಿನ್ನ ಕಲ್ಲು ತಗಂಡು ಹೊರಡೇ ಲೌಡಿ! ನಿನ್ನ ಆಮೇಲೆ ನೋಡ್ಕಂತೀನಿ. ದೇವ್ರು ಅಂತ ಊರಿಗೇ ಮೋಸ ಮಾಡಿದೀಯ!"

"ದೇವ್ರು ಅಂದೋರು ನೀವು. ನಾನಂದಿಲ್ಲ," ಅಂದೆ.

ಕಳಸದ ಚೊಂಬು ಒಂದು ಅಲ್ಲೇ ಇತ್ತು. ಆ ನೀರು ಹುಯ್ದು, ಕೈಯಲ್ಲಿ ಉಜ್ಜಿ ಉಜ್ಜಿ ಅರಿಶಿನ ಕುಂಕುಮವೆಲ್ಲ ತೊಳೆದೆ. ಕಲ್ಲು ಕಲ್ಲಿನ ಬಣ್ಣಕ್ಕೆ ಬಂತು, ಕಪ್ಪಗೆ. ಅದನ್ನು ಎತ್ತಿಕೊಂಡು ಮನೆ ಕಡೆ ಹೋಗುತ್ತೇನೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ನಾನು ಮತ್ತೆ ಹೊಂಡಕ್ಕೆ ಇಳಿದು, ಕೌದಿ ಒತ್ತಿ, ಕಲ್ಲನ್ನು ಮೊದಲಿದ್ದ ಜಾಗದಲ್ಲೇ ನೆಟ್ಟೆ.

"ಈಗ ನೋಡ್ರಿ. ಇದು ಗಂಗಮ್ಮ ಅಲ್ಲ, ಹೊನ್ನಕ್ಕನ ಗುಂಡುಕಲ್ಲು. ನಾನೇ ಇಟ್ಟೀನಿ, ಹಗಲೊತ್ತಿನಾಗೆ, ನಿಮ್ಮೆಲ್ಲರ ಕಣ್ಣೆದುರಿಗೆ. ಘಟಕ ಆಗೋತಂಕ ಇಲ್ಲೇ ಇರ್ತೈತೆ. ತೆಗೀಬೇಕು ಅನ್ನೋರು ಇಳಿದು ತೆಗೀರಿ."

ಗಂಗಮ್ಮ ಅಲ್ಲ ಅಂದ ಮೇಲೆ ತೆಗೆಯಲು ಯಾವ ಅಡ್ಡಿಯೂ ಇರಲಿಲ್ಲ. ಅಷ್ಟು ಜನ ಗಂಡಸರಿದ್ದರು. ಆದರೆ ಆ ಊರು ಕಟ್ಟಿದಾಗಿನಿಂದ ಅವರಲ್ಲಿ ಒಬ್ಬನೂ ಆ ಹೊಂಡಕ್ಕೆ ಕಾಲಿಟ್ಟವನಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಚೆ ಎತ್ತಿ ಕಟ್ಟಿದ ಒಬ್ಬ, ನೀರಿನ ಹತ್ತಿರ ಬಂದು ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡು ಹಿಂದೆ ಸರಿದ.

"ಲೇ ಮಾರ!" ನಾಗರಾಜಪ್ಪ ಅರಚಿದ. "ಏನು ನೋಡ್ತಾ ನಿಂತಿದೀಯಲೇ? ಇಳಿ! ಕಿತ್ತು ಬಿಸಾಕು ಅದನ್ನ! ನಿನ್ನ ಕಾಯಂ ಕಾಗದ ನನ್ನ ಕೈಯಾಗೈತೆ, ಮರೀಬ್ಯಾಡ!"

ಮಾರಣ್ಣ ಬಿಸಿಲಿನಿಂದ ಬಂದು ಹೊಂಡದ ದಡದಲ್ಲಿ ನಿಂತ. ಅವನು ಜೀವಮಾನವೆಲ್ಲ ಇಳಿ ಅಂದಾಗ ಇಳಿದವನು, ತೆಗಿ ಅಂದಾಗ ತೆಗೆದವನು. ನನ್ನ ಕಡೆ ನೋಡಲೂ ಇಲ್ಲ. ಸುಮ್ಮನೆ ನೀರಿಗಿಳಿದ. ಕಲ್ಲಿನ ಮೇಲೆ ಎರಡೂ ಕೈ ಇಟ್ಟ. ನಾಗರಾಜಪ್ಪ, "ಹಾಂ, ಹಂಗೆ, ಎಳಿ," ಅಂದ.

ಮಾರಣ್ಣ ಎಳೆಯಲಿಲ್ಲ. ಹೆಗಲು ಕೊಟ್ಟು ಇನ್ನೂ ಒಳಕ್ಕೆ ನೂಕಿದ. ಮೊಣಕೈ ತನಕ ಕೆಸರು ಬಾಚಿ ಬಾಚಿ ಸಂದಿಗೆ ಮೆತ್ತಿದ. ಒಂದು ಹನಿಯೂ ಆಚೆ ಹೋಗದ ಹಾಗೆ, ಯಾವ ಕೆಲಸವನ್ನೂ ಅರ್ಧ ಮಾಡಿ ಗೊತ್ತಿಲ್ಲದವನ ಹಾಗೆ ಅಚ್ಚುಕಟ್ಟಾಗಿ. ಆಮೇಲೆ ಮೇಲೆ ಹತ್ತಿ ಬಂದು ನನ್ನ ಪಕ್ಕ ನಿಂತು ಕೈ ಕೊಡವಿದ.

"ಗಟ್ಟಿ ಆತು ಅಧ್ಯಕ್ಷ್ರೇ," ಅಂದ. "ಇನ್ನು ಬರಲ್ಲ."

ನಾಗರಾಜಪ್ಪ ಪೊಲೀಸರಿಗೆ ಫೋನ್ ಮಾಡಿ ಅಂತ ಪಿಡಿಒ ಮೇಲೆ ಹಾರಾಡಿದ. ಪಿಡಿಒ ಮೊಬೈಲು ಹುಡುಕುತ್ತ ಜೇಬೆಲ್ಲ ತಡಕಿದರು. ರಸ್ತೆಯ ಆಚೆಯಿಂದ ಚಂದ್ರಕ್ಕ ಬಂದಳು, ನಮ್ಮತ್ತೆ ಬಂದಳು, ಒಬ್ಬೊಬ್ಬರಾಗಿ ನಮ್ಮವರೆಲ್ಲ ಬಂದು ಹೊಂಡದ ಸುತ್ತ ನಿಂತರು. ಹೊತ್ತು ಹೋಗುತ್ತಿತ್ತು, ಫೋನ್ ಸಿಗುತ್ತಿರಲಿಲ್ಲ. ಊರಿನ ನಲ್ಲಿಗೆ ನೀರು ಬಿಡುವ ಹೊತ್ತು ಅದು. ಮನೆಮನೆಯಲ್ಲೂ ಪಾತ್ರೆ ತೊಳೆಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಹೊಂಡ ತುಂಬಿ ಅಂಚಿಗೆ ಬಂತು, ಅಂಚು ದಾಟಿತು. ಜಮಖಾನೆಯ ಒಂದು ಮೂಲೆ ಕೆಂಪಿನಿಂದ ಕಪ್ಪಾಗುತ್ತ ಬಂತು.

ನಾನು ಇಂಜಿನಿಯರ್ ಸಾಹೇಬರ ಹತ್ತಿರ ಹೋಗಿ ಮರ್ಯಾದೆಯಿಂದಲೇ ಹೇಳಿದೆ, "ಕಾಲು ಮ್ಯಾಲೆ ಎತ್ಕಳ್ರಿ ಸಾರ್. ಊರಿನ ನೀರು ಬರ್ತೈತೆ."